ನಮ್ಮೂರಿಗೆ ನಾನೇ ಪರಸ್ಥಳದವನಾಗಿ ಹೋದದ್ದು

"ನಿಮ್ಮ ಊರು ಯಾವುದು?" ಎಂಬುದು ನಮ್ಮಲ್ಲಿ ಎಲ್ಲರೂ ಎಲ್ಲರನ್ನೂ ಕೇಳುವ ಪ್ರಶ್ನೆ. ರೈಲಿನಲ್ಲಿ ಪಕ್ಕಕ್ಕೆ ಕೂತವರು ಟಿಫಿನ್ ಡಬ್ಬಿ ಬಿಚ್ಚುವ ಮೊದಲು ಕೇಳುತ್ತಾರೆ. ಹೆಣ್ಣು ಕೊಡುವವರು ಕೇಳುತ್ತಾರೆ. ಕ್ಷೌರದವನು ಕಿವಿಯ ಹಿಂದೆ ಕತ್ತಿ ಇಟ್ಟುಕೊಂಡು ಕೇಳುತ್ತಾನೆ, ಆಗಂತೂ ನಿಜವನ್ನೇ ಹೇಳಬೇಕು ಅನ್ನಿಸುತ್ತದೆ. ಮೂರು ವರ್ಷದ ಮಗು ಕೂಡ ತಪ್ಪಿಲ್ಲದೆ ಉತ್ತರ ಹೇಳುವ ಈ ಪ್ರಶ್ನೆಗೆ, ಇಪ್ಪತ್ತು ವರ್ಷದ ನಾನು, ಬಿ.ಎ. ಆನರ್ಸ್ ತರಗತಿಯಲ್ಲಿ, ಮೂವತ್ತು ಜನರ ಎದುರಿಗೆ ನಿಂತು ತಪ್ಪು ಉತ್ತರ ಹೇಳಿದೆ. ಗೊತ್ತಿಲ್ಲದೆ ಹೇಳಿದ್ದಲ್ಲ. ಚೆನ್ನಾಗಿ ಗೊತ್ತಿದ್ದೇ ಹೇಳಿದೆ. ಪರೀಕ್ಷೆಯಲ್ಲಿ ನಾನು ಬರೆದ ತಪ್ಪು ಉತ್ತರಗಳೆಲ್ಲ ನನಗೆ ಮರೆತುಹೋಗಿವೆ. ಇದೊಂದು ಮಾತ್ರ ಮರೆಯಲಿಲ್ಲ.

ನಮ್ಮೂರು ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡು. ಒಕ್ಕಲುತನದ ಮನೆ, ರಾಗಿ, ಜೋಳ, ಹುರುಳಿ. ಗುಂಡ್ಲುಪೇಟೆಯಲ್ಲಿ ಹೈಸ್ಕೂಲು ಮುಗಿಸಿ, ಚಾಮರಾಜನಗರದಲ್ಲಿ ರೈಲು ಹತ್ತಿ, ಒಂದು ಟ್ರಂಕಿನೊಂದಿಗೆ ಮೈಸೂರಿಗೆ ಹೋದೆ. ಯೂನಿವರ್ಸಿಟಿ ಎಂದರೆ ದೊಡ್ಡ ಸ್ಕೂಲು ಇರಬೇಕು ಅಂದುಕೊಂಡಿದ್ದೆ. ಹೋಗಿ ನೋಡಿದರೆ ಅದೇ ಒಂದು ಊರು. ಮೆಟ್ಟಿಲು ಹತ್ತಿದರೆ ಇನ್ನೊಂದು ಮೆಟ್ಟಿಲು, ಪಡಸಾಲೆ ದಾಟಿದರೆ ಇನ್ನೊಂದು ಪಡಸಾಲೆ. ಪುಸ್ತಕ ಭಂಡಾರದ ಕಪಾಟುಗಳು ಎಷ್ಟು ಎತ್ತರವೆಂದರೆ ಮೇಲಿನ ಸಾಲಿನ ಪುಸ್ತಕಗಳನ್ನು ಕಟ್ಟಡ ಕಟ್ಟುವಾಗಲೇ ಇಟ್ಟುಬಿಟ್ಟಿರಬೇಕು ಅನ್ನಿಸುತ್ತಿತ್ತು. ಅಲ್ಲಿ ಪಾಠ ಹೇಳುವವರಷ್ಟೇ ಇರಲಿಲ್ಲ. ಸಂಶೋಧನೆ ಮಾಡುವವರು ಬೇರೆ ಇದ್ದರು. ಇವರು ಮೂಲೆಮೂಲೆಗಳಲ್ಲಿ ಕೂತು, ಯಾರ ಕಡೆಗೂ ನೋಡದೆ, ಏನನ್ನೋ ಹುಡುಕುತ್ತಿದ್ದರು. ಒಬ್ಬರು ಆರು ವರ್ಷದಿಂದ ಕಪ್ಪೆಯ ಹಿಂಗಾಲಿನ ಮೇಲೆ ಸಂಶೋಧನೆ ಮಾಡುತ್ತಿದ್ದರು. ರಜೆಗೆ ಊರಿಗೆ ಹೋದಾಗ ಇದನ್ನು ಅಪ್ಪನಿಗೆ ಹೆಮ್ಮೆಯಿಂದ ಹೇಳಿದೆ. ಅಪ್ಪ, "ಆರ್ ವರ್ಸದಿಂದ ಕಪ್ಪೆ ಕಾಲ್ ನೋಡ್ತಾವ್ನಾ? ಯಾಕ್ಲಾ, ಅವುನ್ಗೆ ಒಲಗಿಲ ಇಲ್ವಾ?" ಎಂದು ಕೇಳಿದ.

ನನ್ನ ಕಷ್ಟ ಕಪ್ಪೆಯದಲ್ಲ, 'ಹ'ಕಾರದ್ದು. ನಮ್ಮ ಕಡೆ ಮಾತಿನಲ್ಲಿ ಆ ಅಕ್ಷರ ಇಲ್ಲ. ಹಾಲು ಆಲು, ಹಾವು ಆವು, ಹೊಲ ಒಲ. ಅದಿಲ್ಲದೆಯೇ ನಾವು ತಲೆತಲಾಂತರದಿಂದ ಹಾಲು ಕರೆದಿದ್ದೇವೆ, ಹೊಲ ಉತ್ತಿದ್ದೇವೆ, ಹಾವು ಕಂಡಾಗ ಸರಿಯಾದ ಹೊತ್ತಿಗೆ ಕೂಗಿಕೊಂಡಿದ್ದೇವೆ. ಕೊರತೆ ಅಂತ ಯಾರಿಗೂ ಅನ್ನಿಸಿರಲಿಲ್ಲ. ಆದರೆ ಹಾಸ್ಟೆಲಿನ ಮೊದಲನೆಯ ದಿನದ ಊಟದಲ್ಲಿ ನಾನು ಬಡಿಸುವವರಿಗೆ, "ಇನ್ನೊಂದ್ ಸ್ವಲ್ಪ ಉಳಿ ಆಕಿ" ಎಂದೆ. ಪಕ್ಕದಲ್ಲಿ ಕೂತಿದ್ದ ಪಟ್ಟಣದ ಹುಡುಗ ಅನ್ನ ಕಲಸುವುದನ್ನು ನಿಲ್ಲಿಸಿ, "ಉಳಿ ಬಡಗಿ ಹತ್ತಿರ ಇರುತ್ತೆ ಕಣ್ರೀ, ಇಲ್ಲಿ ಹುಳಿ ಮಾತ್ರ ಸಿಗೋದು" ಎಂದ. ಇಡೀ ಪಂಕ್ತಿ ನಕ್ಕಿತು. ಕೆಟ್ಟ ನಗುವೇನಲ್ಲ, ಹೊಟ್ಟೆ ತುಂಬುತ್ತಿರುವವರ ಸಾಧಾರಣ ನಗು. ಆದರೆ ಮುಂದಿನ ವಾರವೆಲ್ಲ ನಾನು ಸಾರು ಮಜ್ಜಿಗೆಯಲ್ಲೇ ಊಟ ಮುಗಿಸಿದೆ, ಅವೆರಡಕ್ಕೂ 'ಹ'ಕಾರದ ಹಂಗಿಲ್ಲ.

ಆಮೇಲೆ ಹಟ ಹಿಡಿದು ಅಭ್ಯಾಸಕ್ಕೆ ಕೂತೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿದುಕೊಂಡು 'ಹಲ್ಲು, ಹಗ್ಗ, ಹಳ್ಳ, ಹುಣ್ಣಿಮೆ' ಎನ್ನುತ್ತಿದ್ದೆ. ಕೈಗೆ ಗಾಳಿ ತಾಗಿದರೆ ಪಾಸು, ತಾಗದಿದ್ದರೆ ಫೇಲು. 'ಬುಡು' ಎನ್ನುವುದನ್ನು 'ಬಿಡು' ಮಾಡಿದೆ, 'ಓಗನ' ಎನ್ನುವುದನ್ನು 'ಹೋಗೋಣ' ಮಾಡಿದೆ. 'ಕಣ್ಲಾ' ಎಂಬುದನ್ನು ಟ್ರಂಕಿನ ತಳಕ್ಕೆ ಹಾಕಿ ಬೀಗ ಹಾಕಿದೆ. ಮೂರು ತಿಂಗಳಲ್ಲಿ, ನಾನೇ ಹೇಳಿಕೊಳ್ಳಬಾರದು, ಮೈಸೂರಿನವರಿಗಿಂತ ಮೈಸೂರಿನವನಾದೆ.

ನಮಗೆ ಭಾಷಾಶಾಸ್ತ್ರ ಹೇಳುತ್ತಿದ್ದ ಮೇಷ್ಟ್ರು ಸಣ್ಣ ಆಳು, ಐವತ್ತು ದಾಟಿದವರು. ಮಳೆ ಬಿಸಿಲು ಎರಡೂ ಇಲ್ಲದ ದಿನವೂ ಕೈಯಲ್ಲಿ ಕೊಡೆ ಇರುತ್ತಿತ್ತು. ಮಾತು ಕೇಳುವಾಗ ಅವರು ಎದುರಿನವರ ಮುಖ ನೋಡುತ್ತಿರಲಿಲ್ಲ. ಎಡಗಿವಿಯನ್ನು ಮುಂದೆ ಮಾಡಿ, ಕಣ್ಣು ನೆಲದ ಮೇಲೆ ನೆಟ್ಟು ಕೇಳುತ್ತಿದ್ದರು. ಅವರಿಗೆ ನೀವು ಏನು ಹೇಳಿದಿರಿ ಎನ್ನುವುದಕ್ಕಿಂತ ಹೇಗೆ ಹೇಳಿದಿರಿ ಎನ್ನುವುದು ಮುಖ್ಯ. ಕಾಲೇಜಿನ ಜವಾನ ಒಮ್ಮೆ ಓಡಿಬಂದು, ಕೊಠಡಿಗೆ ಹಾವು ನುಗ್ಗಿದೆ ಎಂದು ಕೂಗಿದಾಗ, ಇವರು ಅವನ 'ನುಗ್ಗೈತೆ' ಎಂಬುದನ್ನು ಅವನಿಂದ ಇನ್ನೊಂದು ಸಲ ಹೇಳಿಸಿ ಬರೆದುಕೊಂಡ ಮೇಲೆಯೇ ಕುರ್ಚಿಯಿಂದ ಎದ್ದರಂತೆ.

ಒಂದು ದಿನ ತರಗತಿಯಲ್ಲಿ ಅವರು ನನ್ನಿಂದ ಒಂದು ಪುಟ ಓದಿಸಿದರು. ಚೆನ್ನಾಗಿಯೇ ಓದುತ್ತಿದ್ದೆ. ಕೊನೆಯ ಸಾಲಿಗೆ ಬಂದಾಗ ಗಂಟೆ ಹೊಡೆಯಿತು, ಅವಸರದಲ್ಲಿ 'ಹೋಗಿ' ಎಂಬುದು ಬಾಯಿಂದ 'ಓಗಿ' ಎಂದು ಜಾರಿತು. ಮೇಷ್ಟ್ರ ಎಡಗಿವಿ ಮುಂದೆ ಬಂತು.

"ಇನ್ನೊಂದು ಸಲ ಓದಿ."

ಓದಿದೆ. ಈ ಸಲ 'ಹೋ' ಎಂದ ರಭಸಕ್ಕೆ ಮುಂದಿನ ಬೆಂಚಿನವನ ಹಾಳೆ ಹಾರಿತು.

"ಅದಲ್ಲ, ಮೊದಲು ಓದಿದಿರಲ್ಲ, ಹಾಗೆ. ಹೋಗಲಿ ಬಿಡಿ. ನಿಮ್ಮ ಊರು ಯಾವುದು?"

ಮೂವತ್ತು ತಲೆಗಳು ನನ್ನ ಕಡೆಗೆ ತಿರುಗಿದವು. ಹುಳಿಯ ಹುಡುಗನೂ ಅವರಲ್ಲಿದ್ದ. "ಮೈಸೂರೇ ಸಾರ್. ಅಗ್ರಹಾರ" ಎಂದೆ. ಅಗ್ರಹಾರ ಎನ್ನುವ ಪದದ ನಡುವೆ ಒಂದು 'ಹ' ಇದೆ. ಅದನ್ನು ಸರಿಯಾಗಿ ಹೇಳಿದೆನೆಂಬ ಹೆಮ್ಮೆಯಲ್ಲಿ, ಸುಳ್ಳು ಹೇಳಿದೆನೆಂಬ ಅಳುಕು ನನಗೆ ಕೂತ ಮೇಲೆಯೇ ಹುಟ್ಟಿದ್ದು. ಮೇಷ್ಟ್ರು "ಹಾಗೆಯೇ?" ಎಂದರು. ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಏನನ್ನೋ ಬರೆದುಕೊಂಡರು.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಕನ್ನಡದ ನಾಡೆಲ್ಲ ಒಂದು ರಾಜ್ಯವಾಗಿ ಇನ್ನೂ ಹೊಸದು. ರಾಜ್ಯ ಒಂದಾಯಿತು ಸರಿ, ಅದರೊಳಗೆ ಕನ್ನಡಗಳು ಎಷ್ಟಿವೆ ಎಂದು ಎಣಿಸಬೇಡವೇ ಎಂಬುದು ನಮ್ಮ ಮೇಷ್ಟ್ರ ಹುಚ್ಚು. ಊರೂರಿಗೆ ಹೋಗಿ ಜನರ ಮಾತನ್ನು ಧ್ವನಿಲಿಪಿಯಲ್ಲಿ ಬರೆದುಕೊಳ್ಳುವ ಕೆಲಸ ಹಚ್ಚಿಕೊಂಡಿದ್ದರು. ಧ್ವನಿಲಿಪಿ ಎಂದರೆ, ಕಿವಿಗೆ ಬಿದ್ದ ಸದ್ದನ್ನು ಬಿದ್ದ ಹಾಗೆಯೇ ಇಳಿಸುವ ಒಂದು ಬಗೆಯ ಬರವಣಿಗೆ. ತರಗತಿಯಲ್ಲಿ ಅದು ಎಲ್ಲರಿಗಿಂತ ಚೆನ್ನಾಗಿ ಬರುತ್ತಿದ್ದದ್ದು ನನಗೆ. ಬಾಯಿಯ ಮುಂದೆ ಕೈ ಹಿಡಿದು ಮೂರು ತಿಂಗಳು ಕೂತವನಿಗೆ ಅಷ್ಟೂ ಬರದಿದ್ದರೆ ಹೇಗೆ? ಮೇಷ್ಟ್ರು ನನ್ನನ್ನು ಕರೆದು, "ಮಹದೇವಪ್ಪ, ಈ ರಜೆಯಲ್ಲಿ ನೀವು ನನ್ನ ಸಹಾಯಕರಾಗಿ ಬರಬೇಕು" ಎಂದರು. ಹಿಗ್ಗಿನಿಂದ ಒಪ್ಪಿಕೊಂಡು, ಯಾವ ಕಡೆ ಸಾರ್ ಎಂದು ಆಮೇಲೆ ಕೇಳಿದೆ.

"ಚಾಮರಾಜನಗರ, ಗುಂಡ್ಲುಪೇಟೆ. ನಿಮಗೆ ಆ ಕಡೆಯ ಪರಿಚಯ ಇಲ್ಲವಲ್ಲ, ಅದೇ ಒಳ್ಳೆಯದು."

ಚಾಮರಾಜನಗರದ ಎರಡು ದಿನ ಹೇಗೋ ಕಳೆದವು. ಅಲ್ಲಿ ನನ್ನ ಗುರುತಿನವರು ಯಾರೂ ಇರಲಿಲ್ಲ. ಸಂತೆಗೆ ಬಂದಿದ್ದ ಕುದೇರಿನ ರೈತರೊಬ್ಬರಿಂದ ನೇಗಿಲಿನ ಭಾಗಗಳ ಹೆಸರು ಬರೆದುಕೊಂಡೆವು. ನಾನು ಹುಟ್ಟಿದಾಗಿನಿಂದ ಕಂಡಿದ್ದ ನೇಗಿಲನ್ನು ತೋರಿಸಿ "ಇದಕ್ಕೆ ಏನೆನ್ನುತ್ತಾರೆ? ಇದರಿಂದ ಏನು ಮಾಡುತ್ತಾರೆ?" ಎಂದು ಕೇಳುವಾಗ ಮುಖವನ್ನು ಎಷ್ಟು ದಡ್ಡನ ಹಾಗೆ ಇಟ್ಟುಕೊಳ್ಳಬೇಕೋ ಅಷ್ಟು ಇಟ್ಟುಕೊಂಡಿದ್ದೆ, ಅದಕ್ಕೆ ಹೆಚ್ಚು ಶ್ರಮ ಬೇಕಾಗಲಿಲ್ಲ. ಪುಣಜನೂರಿನ ಕಾಡಿನ ಅಂಚಿನಿಂದ ಹುಣಿಸೆಹಣ್ಣು ಮಾರಲು ಬಂದಿದ್ದ ಮುದುಕಿಯೊಬ್ಬಳು, ಮಾತಿನಲ್ಲಿ ಅಷ್ಟಿಷ್ಟು ತಮಿಳು ಬೆರೆಸುತ್ತಿದ್ದವಳು, ಮೇಷ್ಟ್ರಿಗೆ ಬಹಳ ಹಿಡಿಸಿದಳು. ಅವರು ತಮ್ಮ ಕಿವಿಯನ್ನು ಮುಟ್ಟಿ ತೋರಿಸಿ, "ಇದೇನಮ್ಮ?" ಎಂದರು.

ಮುದುಕಿ ಅವರನ್ನೂ ನನ್ನನ್ನೂ ಅನುಮಾನದಿಂದ ನೋಡಿದಳು. "ಕಿವಿ ಸಾಮಿ. ಯಾಕ, ನಿಮ್ಮೂರಲ್ಲಿ ಅದ್ಕೆ ಬ್ಯಾರೆ ಏನಾರ ಅಂತಾರಾ?"

ಮೂರನೆಯ ದಿನ ಬೆಳಿಗ್ಗೆ ಗುಂಡ್ಲುಪೇಟೆಗೆ ಬಸ್ಸು ಹತ್ತಿದೆವು. ಬಸ್ಸು ಹತ್ತಿರ ಹತ್ತಿರ ಹೋದ ಹಾಗೆ ನಾನು ಸೀಟಿನಲ್ಲಿ ಕೆಳಗೆ ಕೆಳಗೆ ಇಳಿಯುತ್ತಿದ್ದೆ. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಹತ್ತು ಹೆಜ್ಜೆ ಇಟ್ಟಿರಲಿಲ್ಲ.

"ಏನ್ಲಾ ಮಾದೇವ! ಒಂದ್ ಕಾಗ್ದನೂ ಆಕ್ದೆ ಬಂದ್ಬುಟ್ಟಾ?"

ನಮ್ಮ ಸೋದರಮಾವ, ಗುರುಮಲ್ಲಪ್ಪ. ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದವನು. ಗಾಡಿಯ ಪಕ್ಕದಲ್ಲಿ ನಿಂತು ಎರಡೂ ಕೈ ಮೇಲೆತ್ತಿ ಕರೆಯುತ್ತಿದ್ದ. ನಾನು ಮೊದಲು ಹಿಂದಕ್ಕೆ ತಿರುಗಿ, ಬೇರೆ ಯಾರನ್ನೋ ಕರೆಯುತ್ತಿದ್ದಾನೆ ಎಂಬಂತೆ ನೋಡಿದೆ. ಹಿಂದೆ ಒಂದು ಎಮ್ಮೆ ಮಾತ್ರ ಇತ್ತು. ಮಾವ ಹತ್ತಿರ ಬಂದು ಭುಜ ಹಿಡಿದ. ನಾನು ನನ್ನ ಅತ್ಯುತ್ತಮ ಮೈಸೂರು ಕನ್ನಡದಲ್ಲಿ, "ಕ್ಷಮಿಸಬೇಕು, ತಾವು ಯಾರೆಂದು ಗೊತ್ತಾಗಲಿಲ್ಲ" ಎಂದೆ.

ಮಾವನ ಕೈ ನನ್ನ ಭುಜದಿಂದ ಇಳಿಯಿತು. ನನ್ನ ಮುಖ ನೋಡಿದ, ಮೇಷ್ಟ್ರ ಕೊಡೆ ನೋಡಿದ, ಮತ್ತೆ ನನ್ನ ಮುಖ ನೋಡಿದ. ಮೇಷ್ಟ್ರು ಮಾತ್ರ ಖುಷಿಯಿಂದ 'ಬಂದ್ಬುಟ್ಟಾ' ಎಂಬುದನ್ನು ಬರೆದುಕೊಂಡು, ನಾವು ಯಾರು, ಏತಕ್ಕೆ ಬಂದಿದ್ದೇವೆ ಎಲ್ಲವನ್ನೂ ಹೇಳಿದರು. ಇವರು ನನ್ನ ಸಹಾಯಕರು, ಮೈಸೂರಿನ ಅಗ್ರಹಾರದವರು ಎಂದರು. ಈ ಕಡೆಯ ಹಳೆಯ ಮಾತನ್ನು ಕಲಬೆರಕೆ ಇಲ್ಲದೆ ಆಡುವ, ಊರು ಬಿಟ್ಟು ಹೊರಗೆ ಹೋಗದ, ಸ್ವಲ್ಪ ವಯಸ್ಸಾದ ಹೆಂಗಸು ಯಾರಾದರೂ ಇದ್ದಾರೆಯೇ ಎಂದು ಕೇಳಿದರು.

ಮಾವ ನನ್ನ ಮೇಲಿಂದ ಕಣ್ಣು ತೆಗೆಯದೆ ಹೇಳಿದ: "ಬನ್ನಿ ಸಾಮಿ, ಬೀಮನಬೀಡ್ನಲ್ಲಿ ನಮ್ಮಕ್ಕ ಅವ್ಳೆ. ಗಾಡಿ ಐತೆ, ಈಗ್ಲೇ ಓಗನ."

ಮೇಷ್ಟ್ರು ಮುಂದೆ ಕೂತರು. ನಾನು ಹಿಂದೆ ಹಿಂಡಿಯ ಮೂಟೆಗಳ ಜೊತೆ ಕೂತೆ. ದಾರಿಯುದ್ದಕ್ಕೂ ಮಾವ ಎತ್ತುಗಳಿಗೆ ಹೇಳುವವನ ಹಾಗೆ ಮಾತಾಡಿದ. "ನಮ್ಮಕ್ಕನ ಮಗ ಒಬ್ಬ ಮೈಸೂರ್ನಲ್ಲೇ ಓದ್ತಾವ್ನೆ ಸಾಮಿ. ಚಿಕ್ಕೋನಾಗಿದ್ದಾಗ ನನ್ ಎಗ್ಲ ಮ್ಯಾಲೇ ಬೆಳ್ದೋನು. ಈಗ ದೊಡ್ ಮನ್ಸ ಆಗ್ಬುಟ್ಟವ್ನೆ. ದಾರೀಲ್ ಕಂಡ್ರೂ ಗುರ್ತ ಇಡಿಯಲ್ವೇನೋ."

"ಗುರ್ತ ಇಡಿಯಲ್ವೇನೋ," ಮೇಷ್ಟ್ರು ಮೆಲ್ಲಗೆ ತಾವೂ ಹೇಳಿ ನೋಡಿದರು. "ಒಳ್ಳೆಯ ಪ್ರಯೋಗ. ಬರೆದುಕೊಳ್ಳಿ ಮಹದೇವಪ್ಪ."

ಬರೆದುಕೊಂಡೆ.

ಅವ್ವ ಜಗಲಿಯ ಮೇಲೆ ಕೂತು ಹುರುಳಿ ಕೇರುತ್ತಿದ್ದಳು. ಅಪ್ಪ ಹೊಲದಲ್ಲಿದ್ದ, ಅಷ್ಟು ಪುಣ್ಯ. ಗಾಡಿ ನಿಂತ ಸದ್ದಿಗೆ ತಲೆಯೆತ್ತಿದ ಅವ್ವ ನನ್ನನ್ನು ಕಂಡಳು. ಅವಳ ಮುಖ ಅರಳಿದ್ದನ್ನೂ, ಮೊರ ಕೆಳಗಿಟ್ಟು ಏಳಲು ಹೋದದ್ದನ್ನೂ ನಾನು ನೋಡಿದೆ. ಅಷ್ಟರಲ್ಲಿ ಮಾವ ಗಟ್ಟಿಯಾಗಿ, "ಅಕ್ಕಾ, ಇವ್ರು ಮೈಸೂರಿನ ದೊಡ್ ಕಾಲೇಜಿನ ಮೇಷ್ಟ್ರು. ಇವ್ನು... ಇವ್ರು ಅವರ ಜೊತೇಲಿರೋರು. ಅಗ್ರಾರದೋರಂತೆ. ಈ ಕಡೆ ಯಾರ್ನೂ ಕಾಣ್ರಂತೆ" ಎಂದ.

ಅವ್ವ ನನ್ನ ಕಡೆ ನೋಡಿದಳು. ನಾನು ಪೆನ್ಸಿಲ್ಲಿನ ಮೊನೆ ನೋಡಿಕೊಂಡೆ. ಆಗಲೂ ಒಂದು ಮಾತು ಹೇಳಬಹುದಿತ್ತು. ಇಡೀ ಜನ್ಮದಲ್ಲಿ ನಾನು ಎಷ್ಟೋ ಮಾತು ಆಡಿದ್ದೇನೆ, ಕಾಲೇಜಿನಲ್ಲಿ ಪಾಠ ಹೇಳಿ ಅದರಿಂದಲೇ ಹೊಟ್ಟೆ ಹೊರೆದಿದ್ದೇನೆ. ಬೇಕಾಗಿದ್ದ ಆ ಒಂದು ಮಾತು ಮಾತ್ರ ಆಡಲಿಲ್ಲ. ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ಬನ್ನಿ ಸಾಮಿ, ಕುಂತ್ಕಳಿ" ಎಂದು ನಮ್ಮಿಬ್ಬರಿಗೂ ಚಾಪೆ ಹಾಸಿದಳು. ಎರಡು ಚೊಂಬಿನಲ್ಲಿ ನೀರು ತಂದು, ನನಗೂ ಬಹುವಚನದಲ್ಲೇ "ತಕಳಿ" ಎಂದಳು.

ಮೇಷ್ಟ್ರು ಪಟ್ಟಿ ತೆಗೆದರು. ತಲೆ, ಕಣ್ಣು, ಕೈಕಾಲು ಆಯಿತು. ಕಾಳುಕಡ್ಡಿ ಆಯಿತು. ಆಮೇಲೆ ನಂಟಸ್ತಿಕೆಯ ಪದಗಳು.

"ಮಗನನ್ನು ಏನೆಂದು ಕರೆಯುತ್ತೀರಿ?"

"ಮೊಗ ಅಂತೀವಿ ಸಾಮಿ."

"ಚಿಕ್ಕವನಾಗಿದ್ದರೆ ಸರಿ. ದೊಡ್ಡವನಾದ ಮೇಲೆ?"

"ಎಷ್ಟ್ ದೊಡ್ಡೋನಾದ್ರೂ ಮೊಗಾನೇ."

"ಈಗ ಒಂದು ವಾಕ್ಯ ಹೇಳಿ. ದೂರದ ಊರಿಗೆ ಹೋಗಿದ್ದ ಮಗ ಮನೆಗೆ ಬಂದ. ನೀವು ಏನೆನ್ನುತ್ತೀರಿ?"

ಈ ಪ್ರಶ್ನೆ ಪಟ್ಟಿಯಲ್ಲಿ ಮೊದಲಿಂದಲೂ ಇತ್ತು. ಚಾಮರಾಜನಗರದಲ್ಲೂ ಕೇಳಿದ್ದೆವು. ಅವ್ವ ಮೊರದೊಳಗಿನ ಹುರುಳಿಯಲ್ಲಿ ಬೆರಳಾಡಿಸುತ್ತಾ ಹೇಳಿದಳು: "ಯಾಕ್ಲಾ ಮೊಗ, ಇಂಗ್ ಬಡ್ವಾಗ್ಬುಟ್ಟಿದ್ದೀಯೆ? ಅಲ್ಲಿ ಒಟ್ಟೆಗ್ ಸರ್ಯಾಗ್ ಆಕಲ್ವಾ? ಅಂತೀವಿ."

"ಅದಕ್ಕೆ ಅವನು ಮಾತಾಡದೆ ಇದ್ದರೆ?" ಇದು ಪಟ್ಟಿಯಲ್ಲಿ ಇರಲಿಲ್ಲ. ಮೇಷ್ಟ್ರು ತಾವಾಗಿಯೇ ಸೇರಿಸಿದರು.

"ಮಾತಾಡ್ದಿದ್ರೆ ಬುಡು ಕಣ್ಲಾ, ಮೊದ್ಲು ಒಳೀಕ್ ಬಾ, ಉಂಡ್ಬುಟ್ ಓಗು ಅಂತೀವಿ."

ನಾನು ಧ್ವನಿಲಿಪಿಯಲ್ಲಿ ಬರೆಯುತ್ತಾ ಹೋದೆ. ಹುಟ್ಟಿದಂದಿನಿಂದ ಕೇಳಿದ್ದ ಮಾತು ಆ ಚಿಹ್ನೆಗಳಲ್ಲಿ ಯಾವುದೋ ದೂರದೇಶದ ಭಾಷೆಯ ಹಾಗೆ ಕಾಣುತ್ತಿತ್ತು. ಮೇಷ್ಟ್ರು ತರಗತಿಯಲ್ಲಿ ಒಮ್ಮೆ ಹೇಳಿದ್ದರು, ಈ ಲಿಪಿಯಲ್ಲಿ ತಪ್ಪು ಉಚ್ಚಾರಣೆ ಎನ್ನುವುದಿಲ್ಲ, ಉಚ್ಚಾರಣೆ ಮಾತ್ರ ಇರುತ್ತದೆ ಎಂದು. ಪರೀಕ್ಷೆಗೆ ಬರಬಹುದೆಂದು ಆ ವಾಕ್ಯವನ್ನು ಉರು ಹೊಡೆದಿದ್ದೆ. ಅರ್ಥವಾದದ್ದು ನಮ್ಮ ಜಗಲಿಯ ಮೇಲೆ. ಅಲ್ಲಿ ಯಾವ ಅಕ್ಷರವೂ ಬಿಟ್ಟುಹೋಗಿರಲಿಲ್ಲ. ಅವ್ವನ ಮಾತು ತಾನಿದ್ದಷ್ಟೂ ಪೂರ್ತಿಯಾಗಿತ್ತು. ಪೆನ್ಸಿಲ್ಲಿನ ಮೊನೆ ಮುರಿಯಿತು. ಚೂರಿ ತೆಗೆದು ಹೆರೆಯುವ ನೆಪದಲ್ಲಿ ಬಹಳ ಹೊತ್ತು ಬಗ್ಗಿಕೊಂಡಿದ್ದೆ.

ಅವ್ವ ಊಟಕ್ಕೆ ಎಬ್ಬಿಸಿದಳು. ಮುದ್ದೆ, ಹುರುಳಿಕಾಳಿನ ಸಾರು. ಮೇಷ್ಟ್ರಿಗೆ ಒಂದು ಚಮಚ ತುಪ್ಪ, ನನಗೆ ಎರಡು. "ನಮ್ ಮೊಗನೂ ಇವ್ರ ವಯಸ್ನೋನೆ ಸಾಮಿ" ಎಂದು ಮೇಷ್ಟ್ರಿಗೆ ಕಾರಣ ಹೇಳಿದಳು. ಹೊರಡುವಾಗ ಒಂದು ಬಟ್ಟೆಯ ಗಂಟು ತಂದು ನನ್ನ ಕೈಗೆ ಕೊಟ್ಟಳು. "ಉರ್ದ ಕಡ್ಲೇಕಾಯಿ. ಅಲ್ಲಿ ನಮ್ ಮೊಗ ಏನಾರ ಸಿಕ್ದ್ರೆ ಕೊಟ್ಬುಡಿ."

"ಯಾರೆಂದು ವಿಚಾರಿಸಬೇಕಮ್ಮ? ಹೆಸರೇನು?" ಎಂದರು ಮೇಷ್ಟ್ರು.

"ಇಲ್ಲಿ ಮಾದೇವ ಅಂತೀವಿ," ಎಂದಳು ಅವ್ವ. "ಅಲ್ಲಿ ಏನಂತ ಕರೀತಾರೋ ನಮ್ಗೆ ಗೊತ್ತಿಲ್ಲ ಸಾಮಿ."

ಮಾವ ನಮ್ಮನ್ನು ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಇಳಿಸಿ, ಮೇಷ್ಟ್ರಿಗೆ ಕೈಮುಗಿದು, ನನಗೆ ಏನನ್ನೂ ಹೇಳದೆ ಗಾಡಿ ತಿರುಗಿಸಿದ. ಬೆಂಚಿನ ಮೇಲೆ ಕೂತೆವು. ತೊಡೆಯ ಮೇಲಿನ ಗಂಟು ಇನ್ನೂ ಬೆಚ್ಚಗಿತ್ತು. "ಸಾರ್," ಎಂದೆ. "ಸಾರ್, ಆಕೆ ನಮ್ಮವ್ವ."

ಮೇಷ್ಟ್ರು ಎಡಗಿವಿ ಮುಂದೆ ಮಾಡಲಿಲ್ಲ. ಮೊದಲ ಸಲ ನನ್ನ ಮುಖವನ್ನೇ ನೋಡಿದರು. ಬೈಗುಳ ಬರುತ್ತದೆ, ಕೆಲಸದಿಂದ ತೆಗೆಯುತ್ತಾರೆ, ಹೀಗೆ ಏನೇನೋ ನಿರೀಕ್ಷಿಸಿದ್ದೆ. ಅವರು ಜೇಬಿನಿಂದ ಸಣ್ಣ ಪುಸ್ತಕ ತೆಗೆದು, ಹಿಂದಿನ ಹಾಳೆಗಳನ್ನು ಮಗುಚಿ, ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಭೀಮನಬೀಡೇ? ಛೆ! ನಾನು ಕುದೇರು ಎಂದು ಬರೆದಿದ್ದೆ."

"ಅಂದರೆ ನಿಮಗೆ ಮೊದಲೇ..."

"ಅಗ್ರಹಾರ ಅಲ್ಲವೆಂದು ಅವತ್ತೇ ಗೊತ್ತಿತ್ತು. ಒಂದು 'ಓಗಿ' ಸಾಕು. ಆದರೆ ಇಷ್ಟು ದೂರ ತಪ್ಪುತ್ತದೆಂದು ಎಣಿಸಿರಲಿಲ್ಲ." ನಿಜವಾಗಿ ಅವರಿಗೆ ಬೇಸರವಾಗಿತ್ತು, ನನ್ನ ಸುಳ್ಳಿಗಿಂತ ತಮ್ಮ ಕಿವಿಯ ಮೇಲೆ.

"ಹಾಗಾದರೆ ಯಾಕೆ ಸಾರ್ ನೀವು ಕೇಳಲಿಲ್ಲ?"

"ಕೇಳಿದ್ದೆನಲ್ಲ. ನೀವು ಅಗ್ರಹಾರ ಎಂದಿರಿ. ಜನ ಹೇಳಿದ್ದನ್ನು ಬರೆದುಕೊಳ್ಳುವುದು ನನ್ನ ಕೆಲಸ. ತಿದ್ದುವುದು ನನ್ನ ಕೆಲಸವಲ್ಲ." ಅವರು ಕೈ ಚಾಚಿ ಗಂಟನ್ನು ಬಿಚ್ಚಿದರು. "ಇದು ನಿಮ್ಮದೇ ತಾನೆ, ತಿನ್ನಿ. ಆದರೆ ಈಗ ಒಂದು ತೊಂದರೆ ಬಂತು ಮಹದೇವಪ್ಪ. ಮಗನನ್ನು ಎದುರಿಗೆ ಕೂರಿಸಿಕೊಂಡು, ಮಗನಲ್ಲ ಎಂದು ನಟಿಸುತ್ತಾ ಆಡಿದ ಮಾತು ಸಹಜವಾದ ಮಾತು ಹೇಗಾದೀತು? ಇವತ್ತಿನದೆಲ್ಲ ಅನುಮಾನಕ್ಕೆ ಬಿತ್ತು. ನಾಳೆ ಇನ್ನೊಂದು ಸಲ ಹೋಗಬೇಕು. ನೀವು ಮುಂಚೆ ಹೋಗಿ, ಮಗನಾಗಿ ಹೋಗಿ. ನಾನು ಊಟದ ಹೊತ್ತಿಗೆ ಬರುತ್ತೇನೆ."

ರಾತ್ರಿ ಗುಂಡ್ಲುಪೇಟೆಯಲ್ಲೇ ತಂಗಿ, ಬೆಳಿಗ್ಗೆ ನಾನು ನಡೆದೇ ಹೋದೆ. ಅವ್ವ ಹಟ್ಟಿ ಗುಡಿಸುತ್ತಿದ್ದಳು. ಕಾಲಿಗೆ ಬಿದ್ದೆ. "ಬಂದ್ಯಾ" ಎಂದಳು, ನಿನ್ನೆ ಬಂದದ್ದು ಲೆಕ್ಕಕ್ಕಿಲ್ಲ ಎಂಬಂತೆ. ಪೊರಕೆ ಮೂಲೆಗಿಟ್ಟು ಬಂದು ಪಕ್ಕದಲ್ಲಿ ಕೂತಳು.

"ಯಾಕ್ಲಾ ಅಂಗ್ ಮಾಡ್ದೆ?"

"ನಮ್ ಮಾತ್ ಕೇಳಿ ಅಲ್ಲಿ ನಗ್ತಾರೆ ಕಣವ್ವ" ಎಂದೆ. ಉಳಿಯ ಕಥೆ ಹೇಳಿದೆ, ಬಾಯಿಯ ಮುಂದೆ ಕೈ ಹಿಡಿದು ಕಲಿತದ್ದನ್ನು ತೋರಿಸಿದೆ. ಬೈಯುತ್ತಾಳೆ, ಇಲ್ಲವೇ ಅಳುತ್ತಾಳೆ ಅಂದುಕೊಂಡೆ. ಅವ್ವ ಎರಡೂ ಮಾಡಲಿಲ್ಲ. "ನಗ್ತಾರಾ?" ಎಂದಳು. ಆಮೇಲೆ ತನ್ನ ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಒಂದು ಸಲ ಊದಿ ನೋಡಿಕೊಂಡು, ಎದ್ದು ಒಳಗೆ ಹೋದಳು. ಅಡುಗೆಮನೆಯಿಂದ ಅವಳೂ ಅಪ್ಪನೂ ಏನೋ ಗುಸುಗುಸು ಮಾತಾಡುವುದು ಕೇಳುತ್ತಿತ್ತು.

ಊಟದ ಹೊತ್ತಿಗೆ ಮಾವನ ಗಾಡಿಯಲ್ಲಿ ಮೇಷ್ಟ್ರು ಬಂದರು. ಬಾಗಿಲಲ್ಲಿ ರಂಗೋಲಿ. ಅಪ್ಪ ಮದುವೆ ಮನೆಗಳಿಗೆ ಹಾಕುವ ಕೋಟು ಹಾಕಿಕೊಂಡು, ಪೇಟ ಸುತ್ತಿ ನಿಂತಿದ್ದ. ಅವ್ವ ಪೆಟ್ಟಿಗೆಯಲ್ಲಿದ್ದ ಸೀರೆ ಉಟ್ಟಿದ್ದಳು. ಮೇಷ್ಟ್ರು ಚಾಪೆಯ ಮೇಲೆ ಕೂತು ಪುಸ್ತಕ ತೆರೆದರು.

"ಹೊಳಗೇ ಬನ್ನಿ ಸಾರ್," ಎಂದಳು ಅವ್ವ. "ಹೆಲ್ಲಾ ಹಾರಾಮಾಗಿದ್ದೀರಾ?"

ಮೇಷ್ಟ್ರ ಪೆನ್ಸಿಲ್ಲು ಗಾಳಿಯಲ್ಲಿ ನಿಂತಿತು.

"ಹಿವ್ನು ಹೊಬ್ನೇ ಮಗ ನಮ್ಗೆ," ಎಂದು ಅಪ್ಪ ನನ್ನನ್ನು ತೋರಿಸಿದ. ಕಪ್ಪೆಯ ಕಾಲಿನ ಸಂಶೋಧನೆಯನ್ನೇ ಒಪ್ಪದಿದ್ದ ಅಪ್ಪ. ಮಾವ ಕಂಬಕ್ಕೆ ಒರಗಿ, ಟವೆಲನ್ನು ಬಾಯಿಗೆ ತುರುಕಿಕೊಂಡ.

"ಹೂಟ ಮಾಡ್ಕೊಂಡೇ ಹೋಗ್ಬೇಕು ಸಾರ್. ನಿಮ್ಗೋಸ್ಕರ ಹಕ್ಕಿ ಪಾಯ್ಸ ಮಾಡಿವ್ನಿ."

ಮೇಷ್ಟ್ರು ಹುಟ್ಟಿದ ಮೇಲೆ ಮೊಟ್ಟೆ ಕೂಡ ಮುಟ್ಟದವರು. "ಹಕ್ಕಿಯೇ?" ಎಂದರು ಸಣ್ಣ ದನಿಯಲ್ಲಿ.

"ಹೂಂ ಸಾರ್. ಹೊಸ ಹಕ್ಕಿ. ಹಾಲ್ನಲ್ಲಿ ಚೆನ್ನಾಗಿ ಬೇಯ್ಸಿವ್ನಿ."

ನನಗೆ ನಗು ಬರಬೇಕಿತ್ತು. ಇದನ್ನು ಹೇಳಿ ಆಮೇಲೆ ಎಷ್ಟೋ ಜನರನ್ನು ನಗಿಸಿದ್ದೇನೆ. ಆದರೆ ಆಗ ಬರಲಿಲ್ಲ. ಮೂರು ತಿಂಗಳು ಕಷ್ಟಪಟ್ಟು ನಾನು ಕಲಿತದ್ದನ್ನು ಅವ್ವ ಒಂದೇ ಬೆಳಗಿನಲ್ಲಿ ಕಲಿತು ಅಪ್ಪನಿಗೂ ಕಲಿಸಿದ್ದಳು. ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು ಎಂದು ಹೇಳಿಕೊಡುವವರು ಇರಲಿಲ್ಲ. ಕಡಿಮೆ ಬಿದ್ದರೆ ಮಗನಿಗೆ ಅವಮಾನ, ಹೆಚ್ಚಾದರೆ ಏನೂ ನಷ್ಟವಿಲ್ಲವೆಂದು ಕಂಡ ಕಂಡ ಕಡೆ ಧಾರಾಳವಾಗಿ ಹಾಕುತ್ತಿದ್ದಳು, ನಿನ್ನೆ ನನಗೆ ತುಪ್ಪ ಹಾಕಿದ ಹಾಗೆ. ಸಾಕು ಬುಡವ್ವ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂತು. ಆದರೆ ಅವಳು ಅಷ್ಟು ಹೆಮ್ಮೆಯಿಂದ, ಒಂದೊಂದು ಮಾತಿಗೂ ನನ್ನ ಕಡೆ ನೋಡಿ ಸರಿಯಾಯಿತೇ ಎಂದು ಕಣ್ಣಲ್ಲೇ ಕೇಳುತ್ತಾ ಮಾತಾಡುತ್ತಿದ್ದಳು. ನಾನು ತಲೆಯಾಡಿಸುತ್ತಿದ್ದೆ.

ಮೇಷ್ಟ್ರು ಪಟ್ಟಿಯನ್ನು ಬಿಡಲಿಲ್ಲ. "ದೂರದ ಊರಿಗೆ ಹೋಗಿದ್ದ ಮಗ ಮನೆಗೆ ಬಂದ. ಏನೆನ್ನುತ್ತೀರಮ್ಮ?"

ಅವ್ವ ಬೆನ್ನು ನೆಟ್ಟಗೆ ಮಾಡಿ ಕೂತಳು. "ಹೇನಪ್ಪಾ, ಹಾರೋಗ್ಯವಾಗಿದ್ದೀರಾ? ಹಂತೀವಿ ಸಾರ್."

ಮೇಷ್ಟ್ರು ಪುಸ್ತಕ ಮುಚ್ಚಿದರು. ನನ್ನ ಕಡೆ ತಿರುಗಿ, "ನಿನ್ನೆಯದೇ ಇರಲಿ ಮಹದೇವಪ್ಪ" ಎಂದರು. ಅವ್ವನಿಗೆ, "ಬಹಳ ಚೆನ್ನಾಗಿ ಹೇಳಿದಿರಿ" ಎಂದು ಕೈಮುಗಿದು, ಪಾಯಸವನ್ನು ಎರಡು ಸಲ ಹಾಕಿಸಿಕೊಂಡರು. ನಾವು ಗಾಡಿ ಹತ್ತಿ ಬೀದಿಯ ತಿರುವಿಗೆ ಬಂದಾಗ ಅವ್ವ ಜಗಲಿಯಿಂದ ಇಳಿದು ನಾಲ್ಕು ಹೆಜ್ಜೆ ಓಡಿಬಂದಳು. ಪೆಟ್ಟಿಗೆಯ ಸೀರೆಯೂ ಮೇಷ್ಟ್ರೂ ಮರೆತುಹೋಗಿ, "ಉಸಾರಾಗ್ ಓಗ್ಬುಟ್ ಬಾ ಕಣ್ಲಾ ಮೊಗ!" ಎಂದು ಕೂಗಿದಳು. ಅಂಥ ಶುದ್ಧವಾದ ವಾಕ್ಯ ಆ ಪ್ರವಾಸದಲ್ಲೇ ಸಿಕ್ಕಿರಲಿಲ್ಲ. ಮೇಷ್ಟ್ರು ಕೇಳಿಸಿಕೊಂಡರು. ಪೆನ್ಸಿಲ್ಲು ಮಾತ್ರ ತೆಗೆಯಲಿಲ್ಲ.

ಮೇಷ್ಟ್ರ ಸಂಶೋಧನೆ ಕೆಲವು ವರ್ಷಗಳ ಮೇಲೆ ದಪ್ಪ ಪುಸ್ತಕವಾಗಿ ಬಂತು. ಅಷ್ಟು ಹೊತ್ತಿಗೆ ನಾನು ಬೇರೆ ಊರಿನಲ್ಲಿ ಅಧ್ಯಾಪಕನಾಗಿದ್ದೆ. ಮೈಸೂರಿಗೆ ಹೋದಾಗ ಪುಸ್ತಕ ಭಂಡಾರದಲ್ಲಿ ಅದನ್ನು ತೆಗೆಸಿ ಹಾಳೆ ಮಗುಚಿದೆ. ಕೃತಜ್ಞತೆಯ ಪುಟದಲ್ಲಿ ಹುಡುಕಿದೆ, ಬೇರೆ ಬೇರೆ ಸಹಾಯಕರ ನಡುವೆ ನನ್ನ ಹೆಸರಿರಲಿಲ್ಲ. ನನ್ನ ಹೆಸರಿನ ಮುಂದೆ ಯಾವ ಊರು ಬರೆಯಬೇಕೆಂದು ತೋಚದೆ ಬಿಟ್ಟಿದ್ದರೋ ಏನೋ. ಕೊನೆಯಲ್ಲಿ ಮಾತು ಕೊಟ್ಟವರ ಪಟ್ಟಿಯಿತ್ತು. ಭೀಮನಬೀಡು, ರೈತ ಮಹಿಳೆ, ಅಕ್ಷರಾಭ್ಯಾಸವಿಲ್ಲ, ಮೊದಲನೆಯ ದಿನದ ಮಾತು ಈ ಇಡೀ ಸಂಗ್ರಹದಲ್ಲೇ ಅತ್ಯಂತ ಸ್ವಚ್ಛವಾದದ್ದು. ಎರಡನೆಯ ದಿನದ ಮಾತು ಕೆಟ್ಟಿದ್ದು, ಬಳಸಿಲ್ಲ. ಮಾತು ಕೆಟ್ಟದ್ದಕ್ಕೆ ಕಾರಣವನ್ನೂ ಮೇಷ್ಟ್ರು ತಮ್ಮ ಎಂದಿನ ಪ್ರಾಮಾಣಿಕತೆಯಿಂದ ಒಂದೇ ಸಾಲಿನಲ್ಲಿ ಕೊಟ್ಟಿದ್ದರು: "ಮಗ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾನೆ."